ಅಣುಸ್ಥಾವರದ ಅವಘಡವನ್ನು ವಿವರಿಸುವ ಚಾರ್ಟು: ಸಿದ್ಧಪಡಿಸುವುದು ಹೇಗೆ?

ಬೆಂಗಳೂರಿನ ಶಾಲೆಗಳ ವಿಜ್ಞಾನ ಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಅಣುಸ್ಥಾವರದ ಅವಘಡವನ್ನು ವಿಷಯವಾಗಿ ಆರಿಸಿಕೊಂಡ ಒಂದಾದರೂ ತಂಡವನ್ನು ಕಂಡಿದ್ದೇನೆ. ಥರ್ಮೊಕೋಲಿನ ಗೋಪುರ, ಹತ್ತಿಯ ಹೊಗೆ, ಒಳಗೊಂದು ಕೆಂಪು ಬಲ್ಬು. ಕಾರಣವೇನೆಂದು ಕೇಳಿದರೆ ‘ಯಂತ್ರ ಕೆಟ್ಟಿತು ಸರ್’ ಅಥವಾ ‘ಆಪರೇಟರ್ ತಪ್ಪು ಮಾಡಿದರು ಸರ್’ ಎಂಬ ಉತ್ತರ. ಎರಡೂ ಅರ್ಧ ಸತ್ಯ. ಕೆಟ್ಟ ಯಂತ್ರವು ಮನುಷ್ಯನಿಗೆ ಏನನ್ನು ತೋರಿಸಿತು, ಅದನ್ನು ನಂಬಿ ಅವನು ಏನು ಮಾಡಿದ ಎಂಬುದನ್ನು ಬಿಡಿಸಿ ಹೇಳದ ಚಾರ್ಟಿನಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಮೊದಲಿಗೆ ಒಂದೇ ಅವಘಡವನ್ನು ಆರಿಸಿಕೊಳ್ಳಿ. ನನ್ನ ಸಲಹೆ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೆಯ ಘಟಕ, 1979ರ ಮಾರ್ಚ್ 28. ನಾಲ್ಕು ಅವಘಡಗಳನ್ನು ಒಂದೇ ಹಾಳೆಗೆ ತುರುಕುವುದು ಬೇಡ. ಅಂಗಡಿಯಲ್ಲಿ ಸಿಗುವ ಸಿದ್ಧ ಚಾರ್ಟುಗಳನ್ನಂತೂ ಖಂಡಿತ ಕೊಳ್ಳಬೇಡಿ. ನಾನು ನೋಡಿದ ಬಹುಪಾಲು ಚಾರ್ಟುಗಳಲ್ಲಿ ಅಣುಬಾಂಬಿನ ಅಣಬೆ ಮೋಡವಿತ್ತು; ವಿದ್ಯುತ್ ಸ್ಥಾವರದ ಇಂಧನ ಬಾಂಬಿನಂತೆ ಸಿಡಿಯಲಾರದು.

ನಂತರ ದೊಡ್ಡ ಡ್ರಾಯಿಂಗ್ ಹಾಳೆಯನ್ನು ಉದ್ದಕ್ಕೆ ಮೂರು ಅಂಕಣಗಳಾಗಿ ಭಾಗಿಸಿ: ಸಮಯ, ಒಳಗೆ ನಿಜವಾಗಿ ನಡೆದದ್ದು, ನಿಯಂತ್ರಣ ಕೊಠಡಿಯ ಫಲಕದಲ್ಲಿ ಕಂಡದ್ದು. ‘ತಪ್ಪು ಯಾರದು’ ಎಂಬ ನಾಲ್ಕನೆಯ ಅಂಕಣ ಬೇಡ.

ಹಾಳೆಯ ತಲೆಯ ಮೇಲೆ ಒಂದು ಮಾತು ಎದ್ದುಕಾಣುವಂತಿರಲಿ: ರಿಯಾಕ್ಟರನ್ನು ಆರಿಸಿದರೂ ಅದರ ಶಾಖ ಆರುವುದಿಲ್ಲ. ವಿದಳನ, ಅಂದರೆ ಇಂಧನದ ಪರಮಾಣುಗಳು ಒಡೆಯುವ ಕ್ರಿಯೆ, ನಿಂತ ಕ್ಷಣದಲ್ಲಿಯೂ ಪೂರ್ಣ ಶಕ್ತಿಯ ಸುಮಾರು ಶೇ 6ರಷ್ಟು ಶಾಖ ಇಂಧನದೊಳಗಿನ ವಿಕಿರಣಶೀಲ ವಸ್ತುಗಳಿಂದ ಹೊಮ್ಮುತ್ತಲೇ ಇರುತ್ತದೆ, ಮತ್ತು ಅದನ್ನು ಹೊರಗೊಯ್ಯಲು ನೀರು ಹರಿಯುತ್ತಲೇ ಇರಬೇಕು.

ಇನ್ನು ಎಲ್ಲರೂ ಎಡವುವ ಹಂತ. ಆ ದಿನ ಬೆಳಗಿನ ಜಾವ 4 ಗಂಟೆಯ ಹೊತ್ತಿಗೆ ಉಗಿ ಉತ್ಪಾದಕಗಳಿಗೆ ನೀರುಣಿಸುವ ಪಂಪುಗಳು ನಿಂತವು. ಕೆಲವೇ ಸೆಕೆಂಡುಗಳಲ್ಲಿ ರಿಯಾಕ್ಟರಿನೊಳಗಿನ ಒತ್ತಡ ಏರಿ, ಅದನ್ನು ಇಳಿಸುವ ವಾಲ್ವ್ ತಾನಾಗಿಯೇ ತೆರೆದುಕೊಂಡಿತು. 8 ಸೆಕೆಂಡಿನಲ್ಲಿ, ವಿದಳನವನ್ನು ತಡೆಯುವ ನಿಯಂತ್ರಕ ಸರಳುಗಳು ಇಳಿದು ರಿಯಾಕ್ಟರ್ ನಿಂತಿತು. ಇಲ್ಲಿಯವರೆಗೆ ಎಲ್ಲವೂ ವಿನ್ಯಾಸದಂತೆಯೇ ನಡೆದಿತ್ತು. ಮೀಸಲು ಪಂಪುಗಳು ಚಾಲೂ ಆದರೂ ದುರಸ್ತಿಯ ವೇಳೆ ಮುಚ್ಚಿದ್ದ ಅವುಗಳ ವಾಲ್ವುಗಳನ್ನು ಮತ್ತೆ ತೆರೆದಿರಲಿಲ್ಲ. ಅದು ಗಮನಕ್ಕೆ ಬರಲು 8 ನಿಮಿಷ ಹಿಡಿಯಿತು.

ಒತ್ತಡ ಇಳಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ವಾಲ್ವ್ ತೆರೆದೇ ಸಿಕ್ಕಿಕೊಂಡಿತು. ಫಲಕದ ದೀಪ ಮಾತ್ರ, ವಾಲ್ವ್ ಮುಚ್ಚಿತೆಂಬಂತೆ, ಆರಿತು. ಎರಡನೆಯ ಅಂಕಣದಲ್ಲಿ ‘ವಾಲ್ವ್ ತೆರೆದಿದೆ’, ಮೂರನೆಯದರಲ್ಲಿ ‘ದೀಪ ಆರಿದೆ’ ಎಂದು ಅಕ್ಕಪಕ್ಕದಲ್ಲಿ ಬರೆದು ಸುತ್ತ ಗೆರೆ ಹಾಕಿ. ಆ ದೀಪ ತಿಳಿಸುತ್ತಿದ್ದದ್ದು ವಾಲ್ವಿಗೆ ವಿದ್ಯುತ್ ಆದೇಶ ಹೋಗುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ, ವಾಲ್ವಿನ ಸ್ಥಿತಿಯನ್ನಲ್ಲ. ನಮ್ಮ ಮನೆಗಳ ಸಂಪಿನ ಮೋಟಾರನ್ನು ನೆನಪಿಸಿಕೊಳ್ಳಿ: ಸ್ವಿಚ್ಚಿನ ದೀಪ ಉರಿಯುತ್ತಿರುತ್ತದೆ, ಮೋಟಾರ್ ಗುಂಯ್‌ಗುಡುತ್ತಿರುತ್ತದೆ, ಆದರೆ ಗಾಳಿ ಹಿಡಿದು ಓವರ್‌ಹೆಡ್ ಟ್ಯಾಂಕಿಗೆ ಒಂದು ಹನಿ ನೀರೂ ಏರಿರುವುದಿಲ್ಲ. ಮಹಡಿ ಹತ್ತಿ ಪೈಪಿನ ಬಾಯಿಯನ್ನು ನೋಡಿದವರಿಗೆ ಮಾತ್ರ ಅದು ತಿಳಿಯುತ್ತದೆ. ತ್ರೀ ಮೈಲ್ ಐಲ್ಯಾಂಡಿನಲ್ಲಿ ಆ ಪೈಪಿನ ಬಾಯಿಯೂ ಇತ್ತು: ವಾಲ್ವಿನಿಂದ ಹೊರಬಿದ್ದ ನೀರು ಸೇರುವ ತೊಟ್ಟಿಯ ಮಾಪಕಗಳು. ಆದರೆ ಅವು ಮುಖ್ಯ ಫಲಕದ ಹಿಂಬದಿಯಲ್ಲಿದ್ದವು, ಮುಂಬದಿಯಲ್ಲಿ ಅದೇ ಹೊತ್ತಿಗೆ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೇ ಮೊಳಗುತ್ತಿದ್ದವು.

ಸುತ್ತ ಗೆರೆ ಹಾಕಬೇಕಾದ ಎರಡನೆಯ ಸಾಲು ಇದಕ್ಕಿಂತ ಮುಖ್ಯ. ನೀರು ಕಡಿಮೆಯಾಗುತ್ತಿದ್ದಂತೆ ತುರ್ತು ಪಂಪುಗಳು ತಾವಾಗಿಯೇ ನೀರನ್ನು ನುಗ್ಗಿಸತೊಡಗಿದವು. ಅವುಗಳ ಹರಿವನ್ನು ಸಿಬ್ಬಂದಿಯೇ ತಗ್ಗಿಸಿದರು. ಇಷ್ಟನ್ನೇ ಬರೆದರೆ ಅವರು ದಡ್ಡರಂತೆ ಕಾಣುತ್ತಾರೆ, ಆದ್ದರಿಂದ ಮೂರನೆಯ ಅಂಕಣವನ್ನು ತಪ್ಪದೆ ತುಂಬಿ: ರಿಯಾಕ್ಟರಿನ ಒತ್ತಡವನ್ನು ಕಾಯ್ದುಕೊಳ್ಳುವ ಪ್ರೆಷರೈಸರ್ ಎಂಬ ತೊಟ್ಟಿಯ ನೀರಿನ ಮಟ್ಟ ಏರುತ್ತಲೇ ಇತ್ತು. ರಿಯಾಕ್ಟರಿನೊಳಗಿನ ಮಟ್ಟವನ್ನು ನೇರವಾಗಿ ತೋರಿಸುವ ಮಾಪಕವೇ ಇರಲಿಲ್ಲ, ಮತ್ತು ಆ ತೊಟ್ಟಿ ಪೂರ್ತಿ ತುಂಬಲು ಬಿಡಲೇಬಾರದೆಂದು ಅವರಿಗೆ ತರಬೇತಿಯಲ್ಲಿ ಕಲಿಸಲಾಗಿತ್ತು. ನೀರು ಕುದಿದು ಉಗಿಯ ಗುಳ್ಳೆಗಳಾಗಿ, ಆ ಗುಳ್ಳೆಗಳು ಉಳಿದ ನೀರನ್ನು ಮೇಲಕ್ಕೆ ದೂಡುತ್ತಿದ್ದುದರಿಂದ ಮಟ್ಟ ಏರಿದಂತೆ ಕಾಣುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಪಾತ್ರೆಯ ಅಂಚಿಗೆ ಬಂದಾಗ ಒಳಗೆ ಹಾಲು ಹೆಚ್ಚಿರುವುದಿಲ್ಲವಲ್ಲ, ಹಾಗೆ. ಪ್ರದರ್ಶನದ ಮೇಜಿನ ಮೇಲೆ ಥರ್ಮೊಕೋಲಿನ ಗೋಪುರದ ಬದಲು ಗಾಜಿನ ಲೋಟದಲ್ಲಿ ಸೋಡಾ ಸುರಿದು, ನೊರೆ ಏರಿ ಇಳಿಯುವುದನ್ನು ತೋರಿಸಿ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಬೇರೆ ಇಲ್ಲ.

ಉಳಿದ ಸಾಲುಗಳು ಸುಲಭ. ಉಗಿ ಬೆರೆತ ನೀರಿನಿಂದ ಅದುರತೊಡಗಿದ ಮುಖ್ಯ ಪಂಪುಗಳನ್ನು ನಿಲ್ಲಿಸಿದರು. ಇಂಧನ ನೀರಿನಿಂದ ಹೊರಗೆ ತೆರೆದುಕೊಂಡಿತು. 6 ಗಂಟೆ 22 ನಿಮಿಷಕ್ಕೆ, ಸಿಕ್ಕಿಕೊಂಡ ವಾಲ್ವಿನ ಅದೇ ಪೈಪಿನಲ್ಲಿದ್ದ ಅಡ್ಡವಾಲ್ವನ್ನು ಮುಚ್ಚಿ ಸೋರಿಕೆಯನ್ನು ತಡೆದರು. ಇಂಧನದ ಸುಮಾರು ಅರ್ಧದಷ್ಟು ಕರಗಿತ್ತೆಂಬುದು ವರ್ಷಗಳ ನಂತರ ಖಚಿತವಾಯಿತು.

ಸಮಯದ ಅಂಕಣವನ್ನು ಬೆಳಗಿನ 4 ಗಂಟೆಯಿಂದ ಆರಂಭಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಅದರ ಮೇಲೆ ಒಂದು ಸಾಲನ್ನು ಖಾಲಿ ಬಿಟ್ಟು ಅಲ್ಲಿ ‘1977ರ ಸೆಪ್ಟೆಂಬರ್, ಒಹಾಯೊದ ಡೇವಿಸ್–ಬೆಸ್ಸಿ ಸ್ಥಾವರ’ ಎಂದು ಬರೆಯಿರಿ. ಅಲ್ಲಿಯೂ ಇದೇ ಬಗೆಯ ವಾಲ್ವ್ ತೆರೆದೇ ಉಳಿದು, ಅಲ್ಲಿನವರೂ ನೀರಿನ ಹರಿವನ್ನು ತಗ್ಗಿಸಿದ್ದರು. ರಿಯಾಕ್ಟರ್ ಕಡಿಮೆ ಶಕ್ತಿಯಲ್ಲಿದ್ದುದರಿಂದ ಮತ್ತು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ವಾಲ್ವ್ ತೆರೆದಿರುವುದನ್ನು ಕಂಡುಕೊಂಡದ್ದರಿಂದ ಅನಾಹುತ ತಪ್ಪಿತು. ಆ ಅನುಭವ ತ್ರೀ ಮೈಲ್ ಐಲ್ಯಾಂಡಿನ ನಿಯಂತ್ರಣ ಕೊಠಡಿಯನ್ನು ತಲುಪಲೇ ಇಲ್ಲ.

ಚೆರ್ನೊಬಿಲ್ಲನ್ನೇ ಆರಿಸಿಕೊಳ್ಳುತ್ತೇವೆ ಎನ್ನುವವರು ಮೂರನೆಯ ಅಂಕಣದ ಕೊನೆಯ ಸಾಲನ್ನು ಬಹಳ ಎಚ್ಚರದಿಂದ ಬರೆಯಬೇಕು. 1986ರ ಏಪ್ರಿಲ್ 26ರಂದು, ಮಧ್ಯರಾತ್ರಿ ಕಳೆದ ಮೇಲೆ, ಸಿಬ್ಬಂದಿ ಬಹುಪಾಲು ನಿಯಂತ್ರಕ ಸರಳುಗಳನ್ನು ಹೊರಗೆಳೆದು, ಯೋಜಿಸಿದ್ದಕ್ಕಿಂತ ತೀರಾ ಕಡಿಮೆ ಶಕ್ತಿಯಲ್ಲಿ ಪರೀಕ್ಷೆ ನಡೆಸಿದ್ದು ನಿಜ. ಆದರೆ ರಿಯಾಕ್ಟರನ್ನು ನಿಲ್ಲಿಸಲೆಂದೇ ಇದ್ದ ಗುಂಡಿಯನ್ನು ಒತ್ತಿದಾಗ, ಕೆಳಗಿಳಿದ ಸರಳುಗಳ ಗ್ರಾಫೈಟ್ ಭಾಗವು ಮೊದಲ ಕೆಲವು ಸೆಕೆಂಡು ವಿದಳನವನ್ನು ಹೆಚ್ಚಿಸಿತು. ಆ ದೋಷವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಕೊನೆಯ ಹಂತದಲ್ಲಿ ಹಾಳೆಯ ಬುಡದಲ್ಲಿ ನಮ್ಮ ದೇಶದ ಒಂದು ಘಟನೆಗೆ ಜಾಗ ಕೊಡಿ. 1993ರ ಮಾರ್ಚ್ 31ರಂದು ಉತ್ತರಪ್ರದೇಶದ ನರೋರಾದಲ್ಲಿ, ನಮ್ಮ ಕೈಗಾದಲ್ಲಿರುವಂಥದೇ ಭಾರಜಲ ರಿಯಾಕ್ಟರಿನ ಘಟಕದಲ್ಲಿ, ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿ, ಕೇಬಲ್ಲುಗಳು ಸುಟ್ಟು, ಸುಮಾರು 17 ಗಂಟೆಗಳ ಕಾಲ ವಿದ್ಯುತ್ ಇರಲಿಲ್ಲ. ನಿಯಂತ್ರಣ ಕೊಠಡಿಗೆ ಹೊಗೆ ನುಗ್ಗಿದ್ದರಿಂದ ಸಿಬ್ಬಂದಿ ಅಲ್ಲಿಂದ ಹೊರಬರಬೇಕಾಯಿತು. ಎರಡನೆಯ ಅಂಕಣದಲ್ಲಿ ಬರೆಯಿರಿ: ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರುಣಿಸಿ, ಅವರು ರಿಯಾಕ್ಟರನ್ನು ತಂಪಾಗಿಟ್ಟರು. ಮೂರನೆಯ ಅಂಕಣವನ್ನು ಕಪ್ಪು ಬಣ್ಣದಿಂದ ತುಂಬಿ.