ಮೂರು ಲೈನು, ನಾಲ್ಕು ಸ್ಕ್ವಿಡ್: ಸಿಂಧನೂರಿನ ನನ್ನ ಅಂಗಡಿಯ ಅನುಭವ

ಲೀಸ್ಡ್ ಲೈನ್ (ನಮಗೊಬ್ಬರಿಗೇ ಮೀಸಲಾದ ಇಂಟರ್ನೆಟ್ ಲೈನ್) ಇಲ್ಲದೆ ಆನ್‌ಲೈನ್ ಸೆಂಟರ್ ನಡೆಸೋಕೆ ಆಗಲ್ಲ ಅಂದವರೇ ಈಗ ನಮ್ಮ ಅಂಗಡಿಗೆ ಬಂದು ಪಹಣಿ ತೆಗೆಸಿಕೊಂಡು ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಂಧನೂರಲ್ಲಿ ನನ್ನದು ಒಂಬತ್ತು ಮಷಿನ್‌ಗಳ ಅಂಗಡಿ. ಬೆಳೆ ವಿಮೆ ಕೊನೆ ದಿನ, ಪಿಯುಸಿ ರಿಸಲ್ಟ್, ಸ್ಕಾಲರ್‌ಶಿಪ್ ಅರ್ಜಿ ಬಂತಂದ್ರೆ ರಸ್ತೆವರೆಗೂ ಜನ. ಲೈನ್ ಹೋಗೋದೂ ಆಗಲೇ. ಎಲ್ಲೋ ಜೆಸಿಬಿ ತೋಡಿ ಫೈಬರ್ ಕಟ್ಟಾದರೆ ಸಂಜೆವರೆಗೆ ಬೈಸಿಕೊಳ್ಳುವುದೇ ಕೆಲಸ.

ಲೀಸ್ಡ್ ಲೈನ್ ವಿಚಾರಿಸಿದೆ. ತಿಂಗಳಿಗೆ 12,000ದ ಹತ್ತಿರ ಹೇಳಿದರು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಂದು ಪ್ರಿಂಟಿಗೆ ನಮಗೆ ಉಳಿಯೋದೆಷ್ಟು ಅಂತ ನಿಮಗೂ ಗೊತ್ತಲ್ವಾ? ಅದರ ಬದಲು ಎರಡು ಬೇರೆ ಬೇರೆ ಕಂಪನಿಯ ಫೈಬರ್, ತಲಾ 600ರ ಆಸುಪಾಸು. ಜೊತೆಗೆ ಒಂದು 4ಜಿ ಸಿಮ್ ರೂಟರ್. ಟ್ಯಾಕ್ಸ್ ಸೇರಿ ತಿಂಗಳಿಗೆ ಸುಮಾರು 1,800. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋರ್ 2 ಡ್ಯುಯೋ ಪಿಸಿಗೆ ಮೂರು ಲ್ಯಾನ್ ಕಾರ್ಡ್ ಸಿಕ್ಕಿಸಿದೆ, ಸಾವಿರ ಚಿಲ್ಲರೆ ಆಯ್ತು. ಅದರ ಮೇಲೆ ಡೆಬಿಯನ್ ಲಿನಕ್ಸ್, ಜೊತೆಗೆ ಎಲ್ಲಾ ಮಷಿನ್‌ಗಳ ಇಂಟರ್ನೆಟ್ ಕೋರಿಕೆಯನ್ನು ತಾನು ಪಡೆದು ಹೊರಗೆ ಕಳಿಸುವ ಸ್ಕ್ವಿಡ್ ಅನ್ನೋ ಪ್ರಾಕ್ಸಿ ಸಾಫ್ಟ್‌ವೇರ್. ಎರಡೂ ಪುಕ್ಕಟೆ.

ಕೇಬಲ್ ಎಳೆಯಲು ಬಂದ ಹುಡುಗ ನೋಡಿ ನಕ್ಕ. "ಯಣ್ಣ, ಮೂರು ಲೈನ್ ಕೂಡಿಸಿದ್ರ ಸ್ಪೀಡ್ ಮೂರು ಪಟ್ಟು ಆಗಂಗಿಲ್ಲ ಬಿಡು." ಆಗಲ್ಲ, ನಿಜ. ಒಂದು ಡೌನ್‌ಲೋಡ್ ಒಂದೇ ಲೈನಲ್ಲಿ ಹೋಗುತ್ತದೆ. ನನಗೆ ಬೇಕಿದ್ದದ್ದು ಒಂಬತ್ತು ಮಷಿನ್ ಒಂದೇ ಲೈನಿಗೆ ಜೋತು ಬೀಳಬಾರದು, ಅಷ್ಟೇ.

ಎರಡೂ ಫೈಬರ್ ರೂಟರ್ 192.168.1.1 ಅನ್ನೋ ಒಂದೇ ಐಪಿ ವಿಳಾಸ ಹೊತ್ತು ಬಂದಿದ್ದವು. ಅದನ್ನು ಬೇರೆ ಮಾಡಿದ್ದಾಯ್ತು. ಸ್ಕ್ವಿಡ್‌ನಲ್ಲಿ ಟಿಸಿಪಿ ಔಟ್‌ಗೋಯಿಂಗ್ ಅಡ್ರೆಸ್ (ಯಾವ ಐಪಿ ಹೆಸರಲ್ಲಿ ಹೊರಗೆ ಹೋಗಬೇಕು ಅನ್ನೋದು) ಬರೆದೆ, ಆದರೂ ಎಲ್ಲಾ ಟ್ರಾಫಿಕ್ ಒಂದೇ ಲೈನಿಗೆ. ಲಕೋಟೆ ಹಿಂದೆ ಕಳಿಸಿದವರ ವಿಳಾಸ ಬರೆದ ಹಾಗೆ ಅದು. ಯಾವ ದಾರಿ ಹಿಡಿಯಬೇಕು ಅನ್ನೋದು ಲಿನಕ್ಸ್‌ನ ತಿರುಳಾದ ಕರ್ನಲ್ ಕೈಲಿದೆ. ಲೈನಿಗೊಂದು ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ), ಒಂದು ಐಪಿ ರೂಲ್ (ಯಾವ ಐಪಿಗೆ ಯಾವ ಪಟ್ಟಿ ಅನ್ನೋ ನಿಯಮ) ಹಾಕಿದ ಮೇಲೆ ಮೂರೂ ರೂಟರ್‌ಗಳ ಲೈಟು ಮಿಣುಕತೊಡಗಿದವು.

ನಿಜವಾದ ತಲೆನೋವು ರೌಂಡ್ ರಾಬಿನ್‌ದು, ಅಂದರೆ ಕೋರಿಕೆಗಳನ್ನು ಸರದಿಯಂತೆ ಒಂದೊಂದು ಲೈನಿಗೆ ಹಂಚೋದು. ಅರ್ಜಿ ಪೂರ್ತಿ ತುಂಬಿ, ಒಟಿಪಿ ಹಾಕಿ ಸಬ್ಮಿಟ್ ಒತ್ತಿದರೆ ಸೆಷನ್ ಎಕ್ಸ್‌ಪೈರ್ಡ್. ಲಾಗಿನ್ ಒಂದು ಐಪಿಯಿಂದ, ಸಬ್ಮಿಟ್ ಇನ್ನೊಂದರಿಂದ ಹೋದರೆ ಪೋರ್ಟಲ್ ಹೇಗೆ ಒಪ್ಪೀತು? "ತಮ್ಮಾ, ಮತ್ತೊಂದು ನಂಬರ್ ಬಂತು ನೋಡು" ಅಂತ ಅಜ್ಜ ಮತ್ತೆ ಮತ್ತೆ ಫೋನ್ ಚಾಚುತ್ತಾರೆ, ಹಿಂದೆ ನಿಂತವರು ಗೊಣಗುತ್ತಾರೆ. ಅವತ್ತು ಅರ್ಧ ಜನ ಪಕ್ಕದ ಅಂಗಡಿಗೆ ಹೋದರು.

ಪರಿಹಾರ ಸೋರ್ಸ್‌ಹ್ಯಾಶ್, ಅಂದರೆ ಮಷಿನ್‌ನ ಐಪಿ ನೋಡಿ ಲೈನ್ ಲೆಕ್ಕ ಹಾಕುವ ಸ್ಕ್ವಿಡ್ ಸೆಟ್ಟಿಂಗ್. ಒಂದು ಮಷಿನ್‌ಗೆ ಯಾವಾಗಲೂ ಒಂದೇ ಲೈನು. ಇದಕ್ಕೆ ಅದೇ ಪಿಸಿಯಲ್ಲಿ ನಾಲ್ಕು ಸ್ಕ್ವಿಡ್ ಓಡಿಸುತ್ತೇನೆ. ಮುಂದೆ 3128ನೇ ಪೋರ್ಟ್‌ನಲ್ಲಿ ದೊಡ್ಡದು, ಹಿಂದೆ ಲೈನಿಗೊಂದರಂತೆ ಮೂರು ಸಣ್ಣವು ಕ್ಯಾಶ್ ಪೀರ್ (ದೊಡ್ಡದು ಕೋರಿಕೆ ದಾಟಿಸುವ ಜೊತೆಗಾರ) ಆಗಿ. ನೆವರ್ ಡೈರೆಕ್ಟ್ (ನೇರ ಹೋಗಬೇಡ ಅನ್ನೋ ಸೆಟ್ಟಿಂಗ್) ಬೇಕೇ ಬೇಕು, ಇಲ್ಲದಿದ್ದರೆ ಎಚ್‌ಟಿಟಿಪಿಎಸ್ (ಬೇರೆಯವರು ಓದಲಾಗದಂತೆ ಮುಚ್ಚಿದ ವೆಬ್ ಸಂಪರ್ಕ) ಎಲ್ಲಾ ಪೀರ್ ಬಿಟ್ಟು ನೇರ ಹೋಗುತ್ತದೆ. ಆದರೆ ಹ್ಯಾಶ್ ಸಮನಾಗಿ ಹಂಚಲು ಒಂಬತ್ತು ಮಷಿನ್ ತೀರಾ ಕಮ್ಮಿ. ಮುಕ್ಕಾಲುಪಾಲು ಒಂದೇ ಫೈಬರಿಗೆ ಬಿದ್ದವು. ಮಷಿನ್‌ಗಳ ಐಪಿಯ ಕೊನೆ ನಂಬರ್ ಬದಲಿಸುತ್ತಾ ರಾತ್ರಿಯೆಲ್ಲಾ ಕೂತು ಹೊಂದಿಸಿದೆ. ಯಾವ ನಂಬರ್ ಯಾವ ಲೈನಿಗೆ ಬೀಳುತ್ತದೆ ಅನ್ನೋ ಪಟ್ಟಿ ನನ್ನ ಡೈರಿಯಲ್ಲಿದೆ, ಅಲ್ಲೇ ಇರಲಿ.

ಇನ್ನೊಂದು ಪೇಚು: ಲೈನ್ ಸತ್ತರೂ ಅದರ ಸಣ್ಣ ಸ್ಕ್ವಿಡ್ ಸಾಯಲ್ಲ. ಅದೇ ಪಿಸಿಯಲ್ಲೇ ಇದೆಯಲ್ಲ! ದೊಡ್ಡದಕ್ಕೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ, ಗಿರಾಕಿ ಮುಂದೆ ಪೇಜ್ ಸುತ್ತುತ್ತಲೇ ಇರುತ್ತದೆ. ಈಗ ಒಂದು ಸ್ಕ್ರಿಪ್ಟ್ ಪ್ರತಿ ಲೈನಿಂದ ಪಿಂಗ್ (ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಮಾಡುತ್ತದೆ. ಉತ್ತರ ಬರದಿದ್ದರೆ ಆ ಸಣ್ಣ ಸ್ಕ್ವಿಡ್ಡನ್ನೇ ನಿಲ್ಲಿಸುತ್ತದೆ. ಆಗ ಆ ಮಷಿನ್‌ಗಳು ತಾವಾಗಿ ಉಳಿದ ಲೈನಿಗೆ ಹೋಗುತ್ತವೆ. ಪಿಂಗ್ ರೂಟರಿಗೆ ಮಾಡಬೇಡಿ, ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಮಾಡಿ. ಬೀದಿಯಲ್ಲಿ ಫೈಬರ್ ತುಂಡಾದರೂ ರೂಟರ್ ಉತ್ತರ ಕೊಡುತ್ತಲೇ ಇರುತ್ತದೆ. ಎಷ್ಟು ಪಿಂಗ್ ತಪ್ಪಿದರೆ ನಿಲ್ಲಿಸಬೇಕು, ವಾಪಸ್ ಯಾವಾಗ ಎಬ್ಬಿಸಬೇಕು ಅನ್ನೋದನ್ನು ಇಲ್ಲಿ ಹೇಳಲ್ಲ. ಲಿಂಗಸುಗೂರು, ಕಾರಟಗಿ ಕಡೆ ಇದನ್ನೇ ಹಾಕಿಕೊಟ್ಟು ನಾಲ್ಕು ಕಾಸು ಬರುತ್ತಿದೆ.

ಮಧ್ಯೆ ಕ್ಯಾಶ್ (ಒಮ್ಮೆ ತಂದ ಪೇಜನ್ನು ಉಳಿಸಿಟ್ಟು ಮತ್ತೆ ಕೊಡೋದು) ಹುಚ್ಚೂ ಹಿಡಿದಿತ್ತು. 20 ಜಿಬಿ ಡಿಸ್ಕ್ ಕೊಟ್ಟು ನೋಡಿದೆ. ನೂರು ಕೋರಿಕೆಯಲ್ಲಿ ಮೂರೋ ನಾಲ್ಕೋ ಮಾತ್ರ ಅದರಿಂದ ಸಿಕ್ಕವು. ಎಲ್ಲಾ ಎಚ್‌ಟಿಟಿಪಿಎಸ್ ಆದಮೇಲೆ ಸ್ಕ್ವಿಡ್‌ಗೆ ಒಳಗಿರೋದು ಕಾಣಲ್ಲ. ಸುಮ್ನೆ ಡಿಸ್ಕ್ ಸವೆಸೋದೇಕೆ ಅಂತ ತೆಗೆದುಬಿಟ್ಟೆ.

ಹಳೆ ವಿಂಡೋಸ್ 7 ಮಷಿನ್, ಹಳೆ ಬ್ರೌಸರ್ ಇದ್ದರೆ ಪ್ರಾಕ್ಸಿ ಬೈಪಾಸ್‌ನಲ್ಲಿ (ಪ್ರಾಕ್ಸಿಗೆ ಹೋಗಬಾರದ ವಿಳಾಸಗಳ ಪಟ್ಟಿ) 127.0.0.1, ಅಂದರೆ ಆ ಮಷಿನ್‌ನದೇ ವಿಳಾಸ, ಇದೆಯಾ ನೋಡಿ. ಥಂಬ್ ಡಿವೈಸ್‌ನಿಂದ ಬೆರಳಚ್ಚು ತಗೊಳ್ಳುವ ಆರ್‌ಡಿ ಸರ್ವಿಸ್ ಅನ್ನೋ ಸಾಫ್ಟ್‌ವೇರ್ ಆ ಮಷಿನ್ ಒಳಗೇ 11100ರಿಂದ 11120ರೊಳಗಿನ ಪೋರ್ಟ್‌ನಲ್ಲಿ ಇರುತ್ತದೆ. ಆ ಕರೆ ಸ್ಕ್ವಿಡ್‌ಗೆ ಹೋದರೆ ಬೆರಳು ತಗೊಳ್ಳಲ್ಲ. ನನ್ನ ಗೆಳೆಯರೊಬ್ಬರು ಡಿವೈಸೇ ಕೆಟ್ಟಿದೆ ಅಂದುಕೊಂಡು ಹೊಸದಕ್ಕೆ ಎರಡೂವರೆ ಸಾವಿರ ಸುರಿದರು. ಅದೂ ಬೆರಳು ತಗೊಳ್ಳಲಿಲ್ಲ.