ಪಿಕ್ಚರ್ ಲಾಕ್ ಆದ ಮೇಲಿನ 14 ಫ್ರೇಮ್‌ಗಳು

ಬೆಂಗಳೂರಿನಲ್ಲಿ ಕನ್ನಡ ಚಿತ್ರಗಳ ಪೋಸ್ಟ್ ಪ್ರೊಡಕ್ಷನ್ ಮೇಲ್ವಿಚಾರಣೆ ನನ್ನ ಕೆಲಸ. ಬಿಡುಗಡೆಯ ದಿನಾಂಕ ತಿಳಿದ ಕೂಡಲೇ ನಾನು ವೇಳಾಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಬರೆಯುತ್ತೇನೆ. ಚಿತ್ರಮಂದಿರಗಳಿಗೆ ಡಿಸಿಪಿ (ಪರದೆಯ ಮೇಲೆ ತೋರಿಸುವ ಅಂತಿಮ ಡಿಜಿಟಲ್ ಪ್ರತಿ) ತಲುಪಬೇಕಾದ ದಿನ, ಅದಕ್ಕೆ ಮೊದಲು ಸೆನ್ಸಾರ್, ಅದಕ್ಕೂ ಮೊದಲು ಫೈನಲ್ ಮಿಕ್ಸ್ (ಎಲ್ಲ ಶಬ್ದಗಳ ಅಂತಿಮ ಜೋಡಣೆ) ಮತ್ತು ಡಿಐ (ಚಿತ್ರದ ಬಣ್ಣ ಹೊಂದಿಸುವ ಕೆಲಸ), ರೀರೆಕಾರ್ಡಿಂಗ್ (ಹಿನ್ನೆಲೆ ಸಂಗೀತ), ಡಬ್ಬಿಂಗ್ ಎಂದು ಹಿಂದೆ ಸರಿಯುತ್ತ ಪಿಕ್ಚರ್ ಲಾಕ್‌ಗೆ, ಅಂದರೆ ಸಂಕಲನ ಮುಗಿಯಿತೆಂದು ಗೊತ್ತುಪಡಿಸುವ ಹಂತಕ್ಕೆ ಬಂದು ನಿಂತಾಗ, ಸಂಕಲನಕ್ಕೆ ಉಳಿಯುವ ದಿನಗಳು ನಿರ್ದೇಶಕರು ಅಂದುಕೊಂಡದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತವೆ. ಇದನ್ನು ಮೊದಲ ಸಭೆಯಲ್ಲಿಯೇ ನಿರ್ಮಾಪಕರ ಎದುರಿಗೆ ಹೇಳಿಬಿಡುತ್ತೇನೆ.

ಇಡೀ ಚಿತ್ರ ಲಾಕ್ ಆಗಲೆಂದು ಕಾಯದೆ, ಸುಮಾರು 20 ನಿಮಿಷಗಳ ರೀಲುಗಳಾಗಿ ವಿಂಗಡಿಸಿ ಒಂದೊಂದನ್ನೇ ಲಾಕ್ ಮಾಡಿಸುತ್ತೇನೆ. ಬೇರೆ ಚಿತ್ರದ ಚಿತ್ರೀಕರಣಕ್ಕೆ ಹೊರಡಲಿರುವ ಕಲಾವಿದರ ಮಾತು ಹೆಚ್ಚಿರುವ ರೀಲಿಗೆ ಮೊದಲ ಸ್ಥಾನ, ಏಕೆಂದರೆ ಅವರ ಡಬ್ಬಿಂಗ್ ಡೇಟ್ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದು ಕಷ್ಟ.

ಲಾಕ್ ಆದ ಮೇಲೆಯೂ ಬದಲಾವಣೆಗಳು ಬಂದೇ ಬರುತ್ತವೆ. ರೀರೆಕಾರ್ಡಿಂಗ್ ಕೇಳಿದ ನಿರ್ದೇಶಕರಿಗೆ ಒಂದು ಮೌನ ತುಸು ದೀರ್ಘವಾಯಿತೆನಿಸುವುದು ಸಹಜ, ಅದನ್ನು ತಡೆಯುವುದು ಸರಿಯೂ ಅಲ್ಲ. ಮೂರನೆಯ ರೀಲಿನಲ್ಲಿ ಅವರು 14 ಫ್ರೇಮ್ ತೆಗೆಸಿದರೆಂದುಕೊಳ್ಳೋಣ. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ ಆ ಜಾಗದಿಂದ ರೀಲಿನ ಕೊನೆಯವರೆಗೆ ಡಬ್ಬಿಂಗ್, ಎಫೆಕ್ಟ್ಸ್, ಫೋಲಿ (ಹೆಜ್ಜೆ ಸಪ್ಪಳದಂಥವನ್ನು ಸ್ಟುಡಿಯೋದಲ್ಲಿ ಮರುಸೃಷ್ಟಿಸಿದ ಶಬ್ದ), ಸಂಗೀತ, ಸಬ್‌ಟೈಟಲ್ ಎಲ್ಲವೂ ಸ್ಥಳ ತಪ್ಪುತ್ತವೆ, ಡಿಐ ಟೈಮ್‌ಲೈನನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಆದ್ದರಿಂದ ನಾನು ಮೊದಲು ಸಂಕಲನಕಾರರನ್ನು ಕೇಳುವುದು ಒಂದೇ ಮಾತು: ಪಕ್ಕದ ಶಾಟನ್ನು ಅಷ್ಟೇ ಫ್ರೇಮ್ ಹಿಗ್ಗಿಸಲು ಸಾಧ್ಯವೇ? ಸಾಧ್ಯವಾದರೆ ರೀಲಿನ ಉದ್ದ ಉಳಿಯುತ್ತದೆ, ತಿದ್ದುಪಡಿ ಆ ಒಂದು ದೃಶ್ಯಕ್ಕೇ ಸೀಮಿತವಾಗುತ್ತದೆ. ಆಗದಿದ್ದರೆ ಯಾವ ಟೈಮ್‌ಕೋಡ್‌ನಲ್ಲಿ (ಚಿತ್ರದ ಯಾವ ಕ್ಷಣದಲ್ಲಿ) ಎಷ್ಟು ಫ್ರೇಮ್ ಹೋಯಿತು, ಎಷ್ಟು ಬಂದಿತು ಎಂಬ ಚೇಂಜ್ ಲಿಸ್ಟನ್ನು ಹೊಸ ವರ್ಷನ್ ಸಂಖ್ಯೆಯೊಡನೆ ಎಲ್ಲ ವಿಭಾಗಗಳಿಗೂ ಒಂದೇ ದಿನ ಕಳುಹಿಸುತ್ತೇನೆ. ಫೋನಿನಲ್ಲಿ ಹೇಳಿದ ಬದಲಾವಣೆಯನ್ನು ಯಾರೂ ಕೈಗೆತ್ತಿಕೊಳ್ಳಬಾರದೆಂಬ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ತಡವಾಗುವುದು ಹೆಚ್ಚಾಗಿ ಕೆಲಸದಲ್ಲಲ್ಲ, ಒಬ್ಬರು ನಾಲ್ಕನೆಯ ವರ್ಷನ್ನಿನ ಮೇಲೂ ಇನ್ನೊಬ್ಬರು ಐದನೆಯದರ ಮೇಲೂ ದುಡಿಯುತ್ತಿರುವುದು ಮಿಕ್ಸಿಂಗ್ ಕೋಣೆಯಲ್ಲಿ ಬಯಲಾದಾಗ.

ಗ್ರಾಫಿಕ್ಸ್‌ಗೆ ಕೊಡುವ ಪ್ರತಿ ಶಾಟ್‌ನ ಎರಡೂ ತುದಿಗಳಲ್ಲಿ ಕೆಲವು ಫ್ರೇಮ್ ಹ್ಯಾಂಡಲ್ (ಬಳಸುವ ಭಾಗಕ್ಕಿಂತ ಹೆಚ್ಚುವರಿ ಫ್ರೇಮ್‌ಗಳು) ಇಟ್ಟೇ ಕಳುಹಿಸಬೇಕು, ಇಂಥ ಸಣ್ಣ ತಿದ್ದುಪಡಿಗಳನ್ನು ಅವೇ ತಡೆದುಕೊಳ್ಳುತ್ತವೆ.

ಸಂಕಲನಕ್ಕೆ ಸಂಬಂಧವಿಲ್ಲದೆ ತಮ್ಮದೇ ಸಮಯ ಹಿಡಿಯುವ ಕಾಗದಪತ್ರಗಳನ್ನು ಬೇಗ ಆರಂಭಿಸುತ್ತೇನೆ. ಎತ್ತು, ಕುದುರೆಗಳಿರುವ ದೃಶ್ಯಗಳಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು. ಧೂಮಪಾನದ ದೃಶ್ಯವಿದ್ದರೆ ಚಿತ್ರದ ಆರಂಭದಲ್ಲಿಯೂ ಮಧ್ಯಂತರದ ಬಳಿಯೂ ಎಚ್ಚರಿಕೆಯ ತುಣುಕುಗಳನ್ನು ಸೇರಿಸಬೇಕಾದ್ದರಿಂದ ಅವುಗಳ ಅವಧಿಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಸೆನ್ಸಾರ್ ಪ್ರಮಾಣಪತ್ರ ಬಂದ ಮೇಲೆ ಚಿತ್ರದಲ್ಲಿ ಏನನ್ನಾದರೂ ಬದಲಾಯಿಸಿದರೆ ಮತ್ತೆ ಸೆನ್ಸಾರ್ ಮಂಡಳಿಯ ಅನುಮೋದನೆ ಪಡೆಯಬೇಕೆಂಬುದನ್ನು ನಿರ್ದೇಶಕರಿಗೆ ಮುಂಚೆಯೇ ನೆನಪಿಸುತ್ತೇನೆ.

ಡಿಸಿಪಿ ಸಿದ್ಧವಾದ ಮೇಲೆ ಅದನ್ನು ಚಿತ್ರಮಂದಿರದಲ್ಲಿಯೇ ಆರಂಭದಿಂದ ಅಂತ್ಯದವರೆಗೆ ನೋಡಲು ಒಂದು ಇಡೀ ದಿನವನ್ನು ಪಟ್ಟಿಯಲ್ಲಿ ಮೀಸಲಿಡುತ್ತೇನೆ. ಹಿಂಬದಿಯ ಸ್ಪೀಕರ್‌ನಲ್ಲಿ ತಪ್ಪಾಗಿ ಕೇಳುವ ಸಂಭಾಷಣೆ, ಪರದೆಯ ಅಂಚಿಗೆ ಜಾರಿದ ಸಬ್‌ಟೈಟಲ್ ಮುಂತಾದವು ಕಂಪ್ಯೂಟರ್ ಮುಂದೆ ಕುಳಿತವರ ಕಣ್ಣಿಗೆ ಬೀಳುವುದಿಲ್ಲ. ಉಳಿದ ಯಾವ ದಿನ ಕಡಿತವಾದರೂ ಆ ಒಂದು ದಿನವನ್ನು ನಾನು ಬಿಟ್ಟುಕೊಡುವುದಿಲ್ಲ.