ಒಂದೇ ಹಿತ್ತಲು, ಐದು ನಮೂನಿ ಬಾಳೆ

ಧಾರವಾಡದ ಕೆಲಗೇರಿ ಕಡೆ ನಮ್ಮದು ಎರಡು ಗುಂಟೆ ಹಿತ್ತಲು, ಮಸಾರಿ ಮಣ್ಣು. ಯಾಲಕ್ಕಿ, ಜಿ-9 (ಗ್ರ್ಯಾಂಡ್ ನೈನ್ ಅನ್ನೋ ಪಚ್ಚಬಾಳೆ), ರಸಬಾಳೆ, ಕಮಲಾಪುರದ ಕೆಂಬಾಳೆ, ನೇಂದ್ರ ಐದೂ ಇಲ್ಲೇ ಇವೆ, ಒಟ್ಟು ಇಪ್ಪತ್ತು ಇಪ್ಪತ್ತೈದು ಬುಡ. ಶುರು ಮಾಡಿದಾಗ ಪಕ್ಕದ ಮನಿ ಕಾಕಾ, "ಬಾಳಿ ಸಂತಿ ಹಚ್ಚೀಯಲ್ಲೋ ತಮ್ಮಾ, ಒಂದಕ್ಕ ರೋಗ ಬಂದ್ರ ಎಲ್ಲಾನೂ ಹೋಗ್ತಾವ ನೋಡು" ಅಂದಿದ್ದರು. ಕೃಷಿ ಓದಿದ ಗೆಳೆಯರದ್ದೂ ಅದೇ ಮಾತು. ಈಗ ವರ್ಷದಲ್ಲಿ ಎಂಟೊಂಬತ್ತು ತಿಂಗಳು ಒಂದಿಲ್ಲೊಂದು ಗೊನೆ ಮನೆಯಲ್ಲಿರುತ್ತದೆ. ಬೆರಕೆ ಹಾಕಿದ್ದಕ್ಕೇ ನನ್ನ ಹಿತ್ತಲು ಉಳಿಯಿತು ಅಂತ ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ಪೆಟ್ಟು ಕೊಟ್ಟದ್ದು ರಸಬಾಳೆ. ಮೈಸೂರು ಕಡೆಯಿಂದ ತರಿಸಿದ ಕಂದು (ಬುಡದಿಂದ ಒಡೆಯುವ ಮರಿಗಿಡ), ಒಂದಕ್ಕೆ ಎಂಬತ್ತು ರೂಪಾಯಿ ಹತ್ತಿರ, ಸಾಗಣೆ ಬೇರೆ. ಏಳೆಂಟು ತಿಂಗಳಿಗೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿನ ಸುತ್ತ ಲಂಗದ ಹಾಗೆ ಜೋತುಬಿದ್ದವು. ಬುಡ ಸೀಳಿತು. ಅಡ್ಡ ಕೊಯ್ದು ನೋಡಿದರೆ ಒಳಗೆಲ್ಲ ಕೆಂಪುಗಂದು ಚುಕ್ಕಿ, ಗೆರೆ. ಪನಾಮಾ, ಅಂದರೆ ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗ! ಯಾಲಕ್ಕಿಗೂ ಹಬ್ಬಿ ಮೂರ್ನಾಲ್ಕು ಬುಡ ಹೋದವು. ಗುಣಿ, ಗೊಬ್ಬರ, ಆಳಿನ ಕೂಲಿ ಸೇರಿ ಆರೇಳು ಸಾವಿರ ಮಣ್ಣುಪಾಲು. ಆದರೆ ನಟ್ಟನಡುವೆ ಇದ್ದ ಜಿ-9ಗೆ ಏನೂ ಆಗಿರಲಿಲ್ಲ.

ದಾರಿ ಸಿಕ್ಕಿದ್ದು ಅಲ್ಲೇ. ರಸಬಾಳೆ, ಯಾಲಕ್ಕಿಯನ್ನು ಕೊಲ್ಲುವ ಈ ಬಗೆಯ ಪನಾಮಾ, ಜಿ-9 ಸೇರಿದ ಕ್ಯಾವೆಂಡಿಶ್ ಜಾತಿಗೆ ತಾಗೋದಿಲ್ಲ. ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಅದನ್ನು ತೊಳೆದು ಕಳೆಯುವ ಮಾತೇ ಇಲ್ಲ. ಹಾಗಾಗಿ ಕೆಟ್ಟ ಗುಣಿಗಳಿಗೆಲ್ಲ ಜಿ-9 ಹಾಕಿದೆ. ರಸಬಾಳೆ ಎರಡೇ ಬುಡ, ಹಿತ್ತಲಿನ ಎತ್ತರದ ಮೂಲೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಹೊಸ ಮಣ್ಣು ತುಂಬಿ. ಬೇರೆ ಬುಡದ ನೀರು ಅಲ್ಲಿಗೆ ಹರಿಯೋದಿಲ್ಲ; ಅಲ್ಲಿಂದ ಇಳಿದ ನೀರು ಸೇರುವುದು ಜಿ-9 ಸಾಲಿಗೆ. ಯಾಲಕ್ಕಿ ಇನ್ನೊಂದು ಬದಿಗೆ. ರಸಬಾಳೆಗೆ ಕುಡಗೋಲು, ಸಲಿಕೆ ಎರಡೂ ಬೇರೆ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಮತ್ತು ಬೇವಿನ ಹಿಂಡಿಯನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ಹಸಿ ಆರದಂತೆ ಎರಡು ವಾರ ಇಟ್ಟು ಆಮೇಲೆ ಹಾಕುವುದು. ಕಂದು ಅದ್ದುವ ರಾಡಿಗೆ ನಾನು ಬೆರೆಸುವ ಇನ್ನೆರಡು ವಸ್ತು ಇಲ್ಲಿ ಬರೆಯೋದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎರಡನೇ ಪೆಟ್ಟು ಆಷಾಢದ ಗಾಳಿಯದ್ದು. ಕೆಂಬಾಳೆ ಎತ್ತರ, ಗೊನೆ ಹೊತ್ತಾಗ ಗಳ ಕೊಟ್ಟರೂ ನಡುವಿಗೇ ಮುರಿಯಿತು. ಈಗ ಪಶ್ಚಿಮಕ್ಕೆ ಗಿಡ್ಡ ಜಿ-9, ಪೂರ್ವಕ್ಕೆ ಮನೆಯ ಮರೆಯಲ್ಲಿ ಕೆಂಬಾಳೆ. ಮುಂದಿನ ಬೆಳೆಗೆ ಅದರ ಕಂದು ಬೆಳೆಯಲು ಬಿಡುವುದು ಗಣೇಶ ಚೌತಿ ದಾಟಿದ ಮೇಲೇ. ಹದಿನೇಳು ಹದಿನೆಂಟು ತಿಂಗಳ ಬೆಳೆ, ಯುಗಾದಿ ಹೊತ್ತಿಗೆ ಗೊನೆ ಇಳಿಯುತ್ತದೆ, ಗಾಳಿ ಬೀಸುವಾಗ ಗಿಡದಲ್ಲಿ ಭಾರವೇ ಇರೋದಿಲ್ಲ. ಜಿ-9 ಹನ್ನೊಂದು ಹನ್ನೆರಡು ತಿಂಗಳು, ಯಾಲಕ್ಕಿ ಹದಿಮೂರು ಹದಿನಾಲ್ಕು. ಕಂದು ಬಿಡುವ ತಿಂಗಳನ್ನು ಹಿಂದುಮುಂದು ಮಾಡಿದರೆ ಹಣ್ಣು ಸಾಲಾಗಿ ಬರುತ್ತದೆ. ನೇಂದ್ರ ಕೂಳೆಗೆ (ಹಳೆ ಬುಡದ ಕಂದಿನಿಂದಲೇ ಮರುಬೆಳೆಗೆ) ಒಗ್ಗೋದಿಲ್ಲ, ಪ್ರತಿ ವರ್ಷ ಹೊಸದಾಗಿ ಹಚ್ಚಬೇಕು. ಚಿಪ್ಸ್ ಆಸೆಗೆ ಇಟ್ಟುಕೊಂಡಿದ್ದೇನೆ, ಅಷ್ಟೇ.

ನಡುವೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳುವ ಗೊನೆ ಊಟವನ್ನೂ (ಗೊನೆಗೇ ನೇರ ಗೊಬ್ಬರ ಉಣಿಸುವುದು) ಮಾಡಿ ನೋಡಿದೆ. ಕೊನೆಯ ಹಣಿಗೆ (ಚಿಪ್ಪು) ಬಿಟ್ಟ ಮೇಲೆ ಹೂಮೂತಿ ಕೊಯ್ದು, ಅರ್ಧ ಕೆಜಿ ಹಸಿ ಸೆಗಣಿಗೆ ಏಳೂವರೆ ಗ್ರಾಂ ಯೂರಿಯಾ, ಅಷ್ಟೇ ಸಲ್ಫೇಟ್ ಆಫ್ ಪೊಟ್ಯಾಶ್, ಚೂರು ನೀರು ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಆ ಕೊಯ್ದ ತುದಿ ಮುಳುಗುವಂತೆ ಬಿಗಿಯಾಗಿ ಕಟ್ಟುವುದು. ಇಪ್ಪತ್ತೆರಡು ಕೆಜಿ ಆಸುಪಾಸು ತೂಗುತ್ತಿದ್ದ ಜಿ-9 ಗೊನೆ ಇಪ್ಪತ್ತಾರರ ಹತ್ತಿರ ಬಂತು. ಯಾಲಕ್ಕಿಯಲ್ಲಿ ಅಂಥ ಫರಕು ಕಾಣಲಿಲ್ಲ.

ಖರ್ಚು ವರ್ಷಕ್ಕೆ ನಾಲ್ಕೈದು ಸಾವಿರ. ತಿಂದು ಹಂಚಿ ಉಳಿದ ಯಾಲಕ್ಕಿ ಅಂಗಡಿಗೆ ಕೆಜಿಗೆ ಐವತ್ತರಂತೆ ಹೋಗುತ್ತದೆ. ದಸರಾ, ದೀಪಾವಳಿಗೆ ಬಾಳೆಕಂಬದ ಜೋಡಿ ಅರವತ್ತು ಎಪ್ಪತ್ತಕ್ಕೆ ಓಣಿಯಲ್ಲೇ ಖಾಲಿ. ಎಲ್ಲಾ ಕೂಡಿ ಹನ್ನೆರಡು ಹದಿಮೂರು ಸಾವಿರ ಬರುತ್ತದೆ, ಎರಡು ಗುಂಟೆಗೆ ಇದು ಕಡಿಮೆಯಲ್ಲ.

ಕಂದು ಮಾತ್ರ ಕೇಳಬೇಡಿ. ನನ್ನ ಜಿ-9 ಎಷ್ಟೇ ಚೆನ್ನಾಗಿ ಕಂಡರೂ ನಿಂತಿರುವುದು ರೋಗದ ಮಣ್ಣಿನಲ್ಲಿ. ಬೇರಿಗೆ ಹಿಡಿ ಮಣ್ಣು ಅಂಟಿ ಬಂದರೂ ನಿಮ್ಮ ಯಾಲಕ್ಕಿ ಹೋದಂತೆಯೇ. ಲ್ಯಾಬಿನಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿ ಕೊಳ್ಳಿರಿ, ದುಡ್ಡು ಹೆಚ್ಚಾದರೂ ಪರವಾಗಿಲ್ಲ.